ಮೆಟ್ಟಿಲ ಕಥೆಯನ್ನು ತಿದ್ದಿದವರು

ನಮ್ಮ ಗುಂಪಿನಲ್ಲಿ ಕೇಳಬಾರದ ಪ್ರಶ್ನೆ ಒಂದೇ ಇತ್ತು. ಇದು ನಿಜವಾಗಿ ನಡೆದದ್ದೇ ಎಂದು ಯಾರೂ ಕೇಳುವಂತಿರಲಿಲ್ಲ.

ನಿಯಮ ಮಾಡಿದವರು ಪ್ರೂಫ್ ಮೇಷ್ಟ್ರು. ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಮುದ್ರಣಾಲಯ ಮುಚ್ಚಿದ ಮೇಲೂ ಅದರ ಮಹಡಿಯ ಕೋಣೆಯೊಂದನ್ನು ಮಾಲೀಕರು ಅವರಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಶನಿವಾರ ಸಂಜೆ ಐದಕ್ಕೆ ನಾವು ಐದು ಜನ ಸೇರುತ್ತಿದ್ದೆವು: ಮೇಷ್ಟ್ರು, ಹೊಲಿಗೆ ಅಂಗಡಿಯ ಟೈಲರಕ್ಕ, ಕವಿತೆ ಬರೆಯುವ ಅಂಚೆಯಣ್ಣ, ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಕನ್ನಡಕದಣ್ಣ ಮತ್ತು ನಾನು. ನಾನು ಭೌತಶಾಸ್ತ್ರ ಓದಿದವನು, ಹದಿನೇಳು ವರ್ಷದಿಂದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದೇನೆ. ಗುಂಪಿನಲ್ಲಿ ನನ್ನ ಹೆಸರು ಎಕ್ಸ್‌ರೇ ಸಾರ್.

ನಮ್ಮ ಪದ್ಧತಿ ಹೀಗಿತ್ತು. ಬರೆದದ್ದನ್ನು ಎಲ್ಲರೂ ಒಂದೇ ಅಳತೆಯ ಅಕ್ಷರದಲ್ಲಿ ಟೈಪು ಮಾಡಿಸಿ, ಹೆಸರು ಹಾಕದೆ, ಶುಕ್ರವಾರದೊಳಗೆ ಕೆಳಗಿನ ಬಾಗಿಲ ಸಂದಿಯಿಂದ ಒಳಗೆ ತೂರಿಸಬೇಕು. ಶನಿವಾರ ಮೇಷ್ಟ್ರು ಅವನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ಭಾವವಿಲ್ಲದ ದನಿಯಲ್ಲಿ ಓದುತ್ತಿದ್ದರು. ಆಮೇಲೆ ಪ್ರತಿಯೊಬ್ಬರೂ ಮಾತಾಡಬೇಕು, ಬರೆದವರೂ ಸೇರಿ. ಅವರು ತಮ್ಮದೇ ಕಥೆಯನ್ನು ಬೇರೆಯವರ ಕಥೆಯೆಂಬಂತೆ ಹಿಡಿದು ಜಾಲಾಡಬೇಕು. "ತನ್ನ ಕಥೆಯನ್ನ ತಾನೇ ಬೈಯೋದಕ್ಕೆ ಕಲೀದವನು ಬರೆಯೋದಕ್ಕೂ ಕಲಿಯಲ್ಲ" ಎನ್ನುವುದು ಮೇಷ್ಟ್ರ ಸಿದ್ಧಾಂತ.

ಹಿಂದೆ ಹೀಗಿರಲಿಲ್ಲವಂತೆ. ನಾನು ಸೇರುವ ಮೊದಲು ಒಬ್ಬ ತಾಯಿ, ತೀರಿಕೊಂಡ ತಮ್ಮ ಮಗನ ಬಗ್ಗೆ ಬರೆದು ತಂದಿದ್ದರು. ಇದು ನಿಜವೇ ಎಂದು ಯಾರೋ ಕೇಳಿದರು, ಆಕೆ ಹೌದು ಎಂದರು. ಅಲ್ಲಿಂದಾಚೆಗೆ ಆ ಬರಹದ ಒಂದು ಅಲ್ಪವಿರಾಮವನ್ನೂ ಯಾರಿಗೂ ಮುಟ್ಟಲಾಗಲಿಲ್ಲ. ಆರು ತಿಂಗಳು ಗುಂಪು ಸೇರಲಿಲ್ಲ. ಮತ್ತೆ ಸೇರಿದಾಗ ಈ ನಿಯಮ ಬಂತು. ಕಾಗದದ ಮೇಲಿರುವುದಷ್ಟೇ ನಮ್ಮದು.

ನನಗೆ ಈ ನಿಯಮ ತುಂಬ ಹಿಡಿಸಿತ್ತು. ಪ್ರಯೋಗಶಾಲೆಯಲ್ಲಿ ಮಾದರಿಯ ಮೇಲೆ ರೋಗಿಯ ಹೆಸರಿರುವುದಿಲ್ಲ, ಸಂಖ್ಯೆಯಿರುತ್ತದೆ. ಹಾಗೆಯೇ ಇದೂ ಎಂದುಕೊಂಡಿದ್ದೆ. ಗುಂಪು ಸೇರುವ ಮೊದಲು ನನ್ನ ಹನ್ನೊಂದು ಕಥೆಗಳು ಪತ್ರಿಕೆಗಳಿಂದ ವಾಪಸು ಬಂದಿದ್ದವು. ಸೇರಿದ ಮೇಲೆ ಎರಡು ಅಚ್ಚಾದವು. ಇಷ್ಟು ಸಣ್ಣ ಲೆಕ್ಕದಿಂದ ಏನನ್ನೂ ಸಾಧಿಸಲಾಗದೆಂದು ಗೊತ್ತಿದ್ದರೂ, ಇಂಥ ಗುಂಪುಗಳಿಂದ ಬರೆಯುವವರಿಗೆ ಉಪಯೋಗವಿದೆಯೇ ಎಂದು ಯಾರಾದರೂ ಕೇಳಿದರೆ ಆ ಎರಡು ಕಥೆಗಳನ್ನೇ ಮುಂದಿಡುತ್ತಿದ್ದೆ.

ನನ್ನ ಹೆಂಡತಿ ಮಾತ್ರ ಒಪ್ಪಿರಲಿಲ್ಲ. ಅಚ್ಚಾದ ಎರಡನೆಯ ಕಥೆಯನ್ನು ಓದಿ ಪತ್ರಿಕೆ ಮಡಿಸಿಟ್ಟು ಅವಳು ಹೇಳಿದ್ದಿಷ್ಟು: "ಮೊದ್ಲು ನಿಮ್ಮ ಕಥೇಲಿ ತಪ್ಪಿರ್ತಿತ್ತು, ಜನಾನೂ ಇರ್ತಿದ್ರು. ಈಗ ಎರಡೂ ಇಲ್ಲ."

"ಹೊಗಳ್ತಿದೀಯಾ, ತೆಗಳ್ತಿದೀಯಾ?"

"ನಿಮ್ಮ ಮೇಷ್ಟ್ರನ್ನೇ ಕೇಳಿ. ಐದು ಜನ ಕೂತು ತೀರ್ಮಾನ ಮಾಡಿ."

*

ಮೆಟ್ಟಿಲ ಕಥೆ ಮೊದಲು ಬಂದಾಗ ಮೂರೇ ಪುಟವಿತ್ತು. ಒಬ್ಬ ಹೆಂಗಸು ತಾನೇ ಹೇಳಿಕೊಳ್ಳುವ ಕಥೆ. ಬೆಳಿಗ್ಗೆ ಮನೆಯೊಳಗಿನ ಮೆಟ್ಟಿಲು ಒರೆಸುತ್ತಾಳೆ, ಏನೋ ತರಲು ಮಹಡಿಗೆ ಹೋಗುವಾಗ ಜಾರಿ ಬೀಳುತ್ತಾಳೆ, ಕೈ ಮುರಿಯುತ್ತದೆ, ಗಂಡ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಅಷ್ಟೇ.

ಮೇಷ್ಟ್ರು ಓದಿ ಮುಗಿಸಿ, ಪುಟಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, "ಹೂಂ, ಹೇಳಿ" ಎಂದರು.

"ಬಿದ್ಲು, ಎದ್ಲು. ಇದರಲ್ಲಿ ಹೇಳೋದೇನಿದೆ?" ಎಂದರು ಟೈಲರಕ್ಕ. "ಅಳತೆ ತಗೊಂಡಿದಾರೆ, ಬಟ್ಟೆ ಕತ್ತರಿಸಿದಾರೆ. ಒಳಗೆ ಮೈಯೇ ಇಲ್ಲ."

"ನಂಗೆ ಆ ಒದ್ದೆ ಮೆಟ್ಟಿಲು ಇಷ್ಟ ಆಯ್ತು," ಎಂದರು ಅಂಚೆಯಣ್ಣ.

"ನಿಮಗೆ ನಿದ್ದೆ ಬರೋ ತನಕ ಎಲ್ಲಾನೂ ಇಷ್ಟ ಆಗತ್ತೆ, ಅಣ್ಣಾ," ಎಂದರು ಟೈಲರಕ್ಕ.

ಕನ್ನಡಕದಣ್ಣ ನಕ್ಕರು. ಅವರು ಮೆಲುದನಿಯ ಮನುಷ್ಯ. ಎಲ್ಲರಿಗಿಂತ ಮೊದಲೇ ಬಂದು ಎಲ್ಲರ ಲೋಟಗಳಿಗೂ ನೀರು ತುಂಬಿಸಿಡುತ್ತಿದ್ದರು. ಮಾತು ಕಡಿಮೆ, ಆದರೆ ಬೇರೆಯವರು ಆಡಿದ ಮಾತನ್ನೆಲ್ಲ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. "ಗಂಡನ ಪಾತ್ರ ಚೆನ್ನಾಗಿ ಬಂದಿದೆ ಅನ್ನಿಸ್ತು ನನಗೆ," ಎಂದರು. "ಕಾಳಜಿ ಇರೋ ಮನುಷ್ಯ."

ನನ್ನ ಸರದಿ ಬಂತು. ನಾನು ಕಾದಿದ್ದೇ ಅದಕ್ಕೆ. ಇಡೀ ಕಥೆಯಲ್ಲಿ ನನಗೆ ಮಾತ್ರ ಕಾಣುವ ಒಂದು ತಪ್ಪಿತ್ತು.

"ಕಿರುಬೆರಳಿನ ಕಡೆಯ ಮೂಳೆ, ಮುಂಗೈಯ ನಟ್ಟನಡುವೆ ಮುರಿದಿತ್ತು ಅಂತ ಬರೆದಿದಾರೆ," ಎಂದೆ. "ಬಿದ್ದರೆ ಅಲ್ಲಿ ಮುರಿಯಲ್ಲ. ಬೀಳುವಾಗ ಕೈ ಊರ್ತೀವಲ್ಲ, ಭಾರ ಎಲ್ಲ ಮಣಿಕಟ್ಟಿಗೆ ಬರತ್ತೆ. ಹೆಬ್ಬೆರಳಿನ ಕಡೆಯ ಮೂಳೆ, ಇಲ್ಲಿ, ಮಣಿಕಟ್ಟಿನ ಹತ್ತಿರ ಹೋಗತ್ತೆ. ನಡುವೆ ಮುರಿಯೋದು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ." ಕೈಯನ್ನು ಮುಖದ ಮುಂದೆ ಅಡ್ಡ ಹಿಡಿದು ತೋರಿಸಿದೆ. "ಯಾರೋ ಏನೋ ಬೀಸಿದಾಗ ತಲೆ ಉಳಿಸಿಕೊಳ್ಳೋಕೆ ಹೀಗೆ ಹಿಡಿದ್ರೆ."

ಕೆಳಗಿನ ರಸ್ತೆಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದ ಸದ್ದು ಕೇಳಿತು.

"ಹಾಗಾದ್ರೆ ಇವಳು ನಮಗೆ ಸುಳ್ಳು ಹೇಳ್ತಿದಾಳೆ," ಎಂದರು ಟೈಲರಕ್ಕ.

ಮೇಷ್ಟ್ರು ಪೆನ್ಸಿಲನ್ನು ತುಟಿಗೆ ಒತ್ತಿಕೊಂಡು ಯೋಚಿಸಿದರು. "ಹಾಗಾದ್ರೆ ಅದು ಬೇರೆ ಕಥೆ ಆಗತ್ತೆ. ಅದಕ್ಕೆ ಇದರಲ್ಲಿ ತಯಾರಿ ಇಲ್ಲ. ಗಂಡ ಒಳ್ಳೆಯವನು, ಮಾತು ಸರಳ. ಮೂಳೆ ಸರಿಮಾಡೋದು ಸುಲಭ, ಕಥೆ ಬದಲಾಯಿಸೋದು ಕಷ್ಟ."

ನಾವೆಲ್ಲ ಒಪ್ಪಿದೆವು. ಈಗ ನೆನೆಸಿಕೊಂಡರೆ ಮೈ ತಣ್ಣಗಾಗುವುದು ಆ ಒಪ್ಪಿಗೆಯನ್ನೇ. ಸತ್ಯ ಮೇಜಿನ ಮೇಲೆ ಬಂದು ಕೂತಿತ್ತು. ಐದು ಜನ ಅದನ್ನು ನೋಡಿ, ಶೈಲಿಗೆ ಹೊಂದುವುದಿಲ್ಲವೆಂದು ಎತ್ತಿ ಆಚೆಗಿಟ್ಟೆವು.

"ನಡುವೆ ಮುರಿದದ್ದನ್ನೇ ಉಳಿಸಿಕೊಳ್ಬೇಕು ಅಂದ್ರೆ?" ಎಂದು ಕನ್ನಡಕದಣ್ಣ ಕೇಳಿದರು. "ಬರೆದವರಿಗೆ ಅದೇ ಬೇಕಾಗಿದ್ರೆ?"

"ಕಬ್ಬಿಣದ ಕಂಬಿ ಇಡಬಹುದು," ಎಂದೆ. ಉತ್ಸಾಹ ಬಂದಿತ್ತು. "ಮೆಟ್ಟಿಲ ಪಕ್ಕದ ಕಂಬಿಯ ಅಂಚಿಗೆ ಕೈ ಬಡಿಯಿತು ಅಂತ. ಆಗ ಯಾವ ಡಾಕ್ಟರೂ ತಪ್ಪು ಹುಡುಕಲ್ಲ."

ಅವರು ಬರೆದುಕೊಂಡರು. ನಾನೂ ಸೇರಿ ಎಲ್ಲರೂ ಏನಾದರೊಂದು ಬರೆದುಕೊಳ್ಳುತ್ತಿದ್ದುದರಿಂದ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಬೀಳುವ ಕ್ಷಣದ ವರ್ಣನೆ ಹನ್ನೊಂದು ಸಾಲಿತ್ತು. ಅಷ್ಟನ್ನೂ ಹೊಡೆದುಹಾಕಿ ಎರಡೇ ವಾಕ್ಯ ಇಡಬೇಕೆಂದೂ ಹೇಳಿದೆ: ಕೈ ಚಾಚಿದೆ. ಆಮೇಲೆ ನೆಲ. ಮೇಷ್ಟ್ರು ಅದನ್ನು ಎರಡು ಸಲ ಗೊಣಗಿಕೊಂಡು, "ಈ ತಿಂಗಳು ನಾನು ಕೈ ಹಚ್ಚದ ಮೊದಲನೇ ಮಾತು ಇದು" ಎಂದರು. ಅದನ್ನು ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ಅವಳು ಹುರುಳಿಯನ್ನು ಆರಿಸುವಂತೆ ನನ್ನ ಮಾತನ್ನು ಆರಿಸುತ್ತಾ, "ಪಾಪ, ಬಿದ್ದವಳು ಯಾರು?" ಎಂದಳು. ಕಥೆಯ ಪಾತ್ರ ಎಂದೆ.

*

ಎರಡನೆಯ ಶನಿವಾರ ಕಥೆ ತಿದ್ದಿಕೊಂಡು ಬಂತು. ಈಗ ಅವಳು ಎರಡು ಸಲ ಬೀಳುತ್ತಿದ್ದಳು. ಮೊದಲ ಸಲ ಕಂಬಿಗೆ ಬಡಿದು ಮುಂಗೈಯ ನಡುವೆ. ಎರಡನೆಯ ಸಲ ಕೈ ಊರಿ ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಕಡೆಯ ಮೂಳೆ. ಎಲ್ಲ ನಾನು ಹೇಳಿದಂತೆಯೇ. ಪಾಠ ಒಪ್ಪಿಸಿದ ವಿದ್ಯಾರ್ಥಿಯನ್ನು ನೋಡಿದಂತೆ ನನಗೆ ಹಿಗ್ಗಾಯಿತು.

ಬರೆದವರು ಯಾರೆಂದು ಊಹಿಸುವುದು ನಿಯಮಬಾಹಿರವಲ್ಲ, ಹೇಳುವುದಷ್ಟೇ ತಪ್ಪು. ನನ್ನ ಲೆಕ್ಕದಲ್ಲಿ ಅದು ಟೈಲರಕ್ಕನ ಕಥೆ. ಹೆಂಗಸಿನ ದನಿ, ಉಡುಪಿನ ಅಂಚು ಬಿಚ್ಚಿಕೊಂಡ ವಿವರ, ಮನೆಗೆಲಸದ ನಿಖರತೆ. ಮೂರು ಸಾಕ್ಷ್ಯಗಳು ಒಂದೇ ದಿಕ್ಕಿಗೆ ತೋರಿಸುತ್ತಿದ್ದವು. ತೀರ್ಮಾನ ತಪ್ಪಾಗಲು ಇಷ್ಟು ಸಾಕು ಎನ್ನುವುದನ್ನು ಓದಿದ ವಿಜ್ಞಾನ ನನಗೆ ಕಲಿಸಿರಲಿಲ್ಲ.

"ಒಂದೇ ಮೆಟ್ಟಿಲಲ್ಲಿ ಎರಡು ಸಲ ಬೀಳೋಕೆ ಇವಳಿಗೇನು ಕಣ್ಣು ಕಾಣಲ್ವಾ?" ಎಂದರು ಟೈಲರಕ್ಕ. "ಓದೋರಿಗೆ ಅನುಮಾನ ಬರತ್ತೆ. ತಲೆಸುತ್ತು ಅಂತ ಏನಾದ್ರೂ ಇಡಿ. ಬೀಳೋಕೆ ಒಂದು ವಾರ ಮೊದ್ಲೇ ಡಾಕ್ಟರ ಹತ್ರ ಹೋಗಿ ಬಂದಿರ್ಲಿ. ಆಗ ಬಿದ್ದಾಗ ಯಾರೂ ಯಾಕೆ ಅನ್ನಲ್ಲ."

ತನ್ನ ಕಥೆಯನ್ನು ತಾನೇ ಎಷ್ಟು ಚೆನ್ನಾಗಿ ಬೈಯುತ್ತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಮೂರನೆಯ ಶನಿವಾರ ತಲೆಸುತ್ತೂ ಬಂತು. ಕಥೆಯಲ್ಲಿ ಇನ್ನು ಒಂದೂ ಬಿರುಕಿರಲಿಲ್ಲ. ಮೇಷ್ಟ್ರು ಓದಿ ಮುಗಿಸಿದಾಗ ಅಂಚೆಯಣ್ಣ ಕೂಡ ಎಚ್ಚರವಾಗಿದ್ದರು.

"ಎಲ್ಲ ಸರಿಯಾಗಿದೆ," ಎಂದರು ಮೇಷ್ಟ್ರು. "ಆದ್ರೆ ಮುಗಿದಿಲ್ಲ. ಎರಡು ಸಲ ಬಿದ್ದವಳು ಮೂರನೇ ಸಲ ಬೀಳಲೇಬೇಕು. ಇಷ್ಟೆಲ್ಲ ತಯಾರಿ ಮಾಡಿ ಮತ್ತೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ್ಲು ಅಂದ್ರೆ ಓದುಗನಿಗೆ ಮೋಸ."

"ಮೂರನೇ ಸಲ ಏಳಬಾರದು," ಎಂದರು ಟೈಲರಕ್ಕ.

"ಅದೇ. ಬಿಕ್ಕಳಿಕೆ, ಗೋಳಾಟ ಏನೂ ಬೇಡ. ಆಗಲೇಬೇಕಿತ್ತು ಅನ್ನೋ ಹಾಗೆ ಆಗಿಬಿಡಬೇಕು."

ನಾನು ತಲೆಯಾಡಿಸಿದೆ. ಒಳ್ಳೆಯ ಸಲಹೆಯೆಂದು ನನಗೂ ಅನ್ನಿಸಿತ್ತು.

"ಕಷ್ಟ," ಎಂದರು ಕನ್ನಡಕದಣ್ಣ. ಅವರ ಮುಖ ಕೊಂಚ ಕೆಂಪಾಗಿತ್ತು. "ಬರೆದವರಿಗೆ ಆ ಪಾತ್ರದ ಮೇಲೆ ಪ್ರೀತಿ ಇದ್ರೆ?"

"ಪ್ರೀತಿ ಇದ್ದವರು ಬರೆಯೋಕೆ ಬರಬಾರದು, ಸ್ವಾಮೀ," ಎಂದು ಮೇಷ್ಟ್ರು ಪುಟಗಳನ್ನು ಜೋಡಿಸಿಟ್ಟರು. "ಯಾರದ್ದೇ ಆಗಲಿ, ಮುಂದಿನ ವಾರ ಅಂತ್ಯ ಬರೆದು ತರಲಿ. ಎಳೆದಾಡೋದು ಬೇಡ."

*

ಗುರುವಾರ ನನ್ನದು ಬೆಳಗಿನ ಪಾಳಿ. ಹನ್ನೆರಡೂವರೆಗೆ ಊಟದ ಡಬ್ಬಿ ತೆಗೆಯಬೇಕೆಂದಿದ್ದಾಗ ತುರ್ತು ವಿಭಾಗದಿಂದ ಚೀಟಿ ಬಂತು: ಬಲಗೈ ಮಣಿಕಟ್ಟು, ಹೆಂಗಸು, ಮೂವತ್ತನಾಲ್ಕು ವರ್ಷ, ಬಿದ್ದದ್ದು. ಬಾಗಿಲು ತೆರೆದಾಗ ಗಾಲಿಕುರ್ಚಿಯ ಹಿಂದೆ ಕನ್ನಡಕದಣ್ಣ ನಿಂತಿದ್ದರು.

"ಓ, ನೀವೇ ಇದೀರಾ," ಎಂದರು. ಗಾಬರಿಯಿರಲಿಲ್ಲ. ಮುಖದಲ್ಲಿ ಒಂದು ಬಗೆಯ ಸಮಾಧಾನವಿತ್ತು. "ಇಲ್ಲೇ ಕೆಲಸ ಅಂತ ನೆನಪಿತ್ತು. ಗೊತ್ತಿರೋರ ಹತ್ರ ಬಂದ್ರೆ ಒಳ್ಳೇದಲ್ವಾ. ನನ್ನ ಹೆಂಡತಿ. ಮೆಟ್ಟಿಲಿಂದ ಬಿದ್ಲು."

ನನಗೆ ಮೊದಲು ಬಂದದ್ದು ಅಯ್ಯೋ ಎನ್ನುವ ಮರುಕ. ಕಾಕತಾಳೀಯವೆಂದರೆ ಎಂಥದು ಎಂದೂ ಅನ್ನಿಸಿತು. ಅನುಮಾನ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಎಕ್ಸ್‌ರೇ ಕೋಣೆಯಲ್ಲಿ ರೋಗಿಯನ್ನು ಬಿಟ್ಟು ಬೇರೆ ಯಾರೂ ಇರುವಂತಿಲ್ಲ. ವಿಕಿರಣದ ಕಾರಣಕ್ಕೆ ಎಲ್ಲೆಡೆ ಇರುವ ನಿಯಮ ಅದು. ತಾಯಂದಿರನ್ನೇ ಹೊರಗೆ ಕಳಿಸುತ್ತೇವೆ. ಹೊರಗಿರಿ ಎಂದಾಗ ಅವರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, "ಡಾಕ್ಟರಿಗೆ ಹೇಳಿದ ಹಾಗೇ ಇವರಿಗೂ ಹೇಳು" ಎಂದು ಮೆಲ್ಲಗೆ ಹೇಳಿ ಹೋದರು. ಸೀಸದ ಹಾಳೆ ಹೊದಿಸಿದ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು.

ಆಕೆ ತೆಳ್ಳಗಿದ್ದರು. ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ, ಬೇರೆಯವರ ವಸ್ತುವನ್ನು ಜೋಪಾನ ಮಾಡುವಂತೆ ಹಿಡಿದಿದ್ದರು. ಮೇಜಿನ ಮೇಲೆ ಕೈ ಇಡಿಸುತ್ತಾ, ಎಲ್ಲರನ್ನೂ ಕೇಳುವಂತೆ, "ಹೇಗೆ ಬಿದ್ರಿ?" ಎಂದು ಕೇಳಿದೆ.

"ಬೆಳಿಗ್ಗೆ ಮೆಟ್ಟಿಲು ಒರೆಸಿದ್ದೆ. ಒದ್ದೆ ಇನ್ನೂ ಆರಿರಲಿಲ್ಲ. ಒಂದು ವಾರದಿಂದ ತಲೆಸುತ್ತು. ಮೂರನೆಯ ಮೆಟ್ಟಿಲಲ್ಲಿ ಕಣ್ಣಿಗೆ ಕತ್ತಲೆ ಬಂತು. ಕೈ ಚಾಚಿದೆ. ಆಮೇಲೆ ನೆಲ."

ನನ್ನ ಕೈ ಆಕೆಯ ಬೆರಳುಗಳ ಮೇಲೆ ಹಾಗೆಯೇ ನಿಂತಿತು.

ಹದಿನೇಳು ವರ್ಷದಲ್ಲಿ ಸಾವಿರಾರು ಜನ ತಾವು ಬಿದ್ದದ್ದನ್ನು ನನಗೆ ಹೇಳಿದ್ದಾರೆ. ಅದೇನಾಯ್ತೋ ಗೊತ್ತಿಲ್ಲ ಎನ್ನುತ್ತಾರೆ. ಚಪ್ಪಲಿಯನ್ನು ಬೈಯುತ್ತಾರೆ. ನಡುವೆ ಒಲೆಯ ಮೇಲಿಟ್ಟ ಹಾಲಿನ ನೆನಪಾಗಿ ಅದನ್ನು ಆರಿಸಿದೆನೋ ಇಲ್ಲವೋ ಎನ್ನುತ್ತಾರೆ. ಆಮೇಲೆ ನೆಲ ಎಂದು ಯಾರೂ ಹೇಳಿಲ್ಲ. ನೋವಿನಲ್ಲಿರುವವರ ಬಾಯಿಂದ ಬರುವ ಮಾತಲ್ಲ ಅದು. ಹನ್ನೊಂದು ಸಾಲು ಹೊಡೆದುಹಾಕಿ, ನೀರು ಕುಡಿದು, ಯೋಚಿಸಿ ಮಾಡಿದ ಮಾತು.

ಚೀಟಿಯಲ್ಲಿ ಮಣಿಕಟ್ಟು ಎಂದಷ್ಟೇ ಇತ್ತು. ಬೇಡದ ಕಡೆ ಕಿರಣ ಹಾಯಿಸಬಾರದೆನ್ನುವುದು ನಮ್ಮ ಮೊದಲ ಪಾಠ. ಆ ದಿನ ಬೆಳಕಿನ ಚೌಕವನ್ನು ಮೊಣಕೈವರೆಗೂ ಹಿಗ್ಗಿಸಿದೆ. ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದೆ. ಪರದೆಯ ಮೇಲೆ ಮಣಿಕಟ್ಟಿನ ಹತ್ತಿರ ಹೊಸ ಬಿರುಕು, ಹೆಬ್ಬೆರಳಿನ ಕಡೆಯ ಮೂಳೆ, ಪುಸ್ತಕದಲ್ಲಿ ಇರುವಂತೆಯೇ. ಅದರ ಮೇಲೆ, ಮುಂಗೈಯ ನಟ್ಟನಡುವೆ, ಕಿರುಬೆರಳಿನ ಕಡೆ, ಹಳೆಯ ಮುರಿತ ಕೂಡಿಕೊಂಡ ದಪ್ಪ ಗಂಟು. ಕೆಲವು ತಿಂಗಳಾದರೂ ಆಗಿರಬೇಕು.

ದಿನಗಳನ್ನು ಎಣಿಸಿದೆ. ಹಳೆಯ ಗಂಟು ಮೊದಲನೆಯ ಕರಡಿಗಿಂತ ಹಿಂದಿನದು. ಹೊಸ ಬಿರುಕು ಈ ಬೆಳಗಿನದು. ಅದನ್ನು ಮೇಷ್ಟ್ರು ಕಥೆಯಲ್ಲಿ ಓದಿದ್ದು ಹನ್ನೆರಡು ದಿನದ ಹಿಂದೆ, ಎರಡನೆಯ ಶನಿವಾರ.

ಗಾಜಿನ ಹಿಂದಿನಿಂದ ಬಂದು ಆಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. "ಬೀಳುವಾಗ ಯಾವ ಕಾಲು ಮುಂದಿತ್ತಮ್ಮ?"

ಆಕೆ ನನ್ನನ್ನು ನೋಡಿದರು. ತುಟಿ ಅಲುಗಿತು, ಏನೋ ಹುಡುಕಿತು, ಸಿಗಲಿಲ್ಲ.

"ಅದು ಅದರಲ್ಲಿಲ್ಲ," ಎಂದರು.

ಗೋಡೆಯ ಗಡಿಯಾರ ನಡೆಯುತ್ತಿತ್ತು. ಒಂದು ಮಣಿಕಟ್ಟಿನ ಚಿತ್ರಕ್ಕೆ ಎರಡು ನಿಮಿಷ ಸಾಕು. ಆಗಲೇ ನಾಲ್ಕು ನಿಮಿಷವಾಗಿತ್ತು.

"ನೀವು ಶನಿವಾರದವರಾ?" ಎಂದು ಆಕೆಯೇ ಕೇಳಿದರು.

ತಲೆಯಾಡಿಸಿದೆ.

"ಶನಿವಾರ ಬಂದ ಮೇಲೆ ತಿದ್ದಿ ಕೊಡ್ತಾರೆ. ನಾನು ಬಾಯಿಪಾಠ ಮಾಡಿ ಒಪ್ಪಿಸ್ಬೇಕು. ತಪ್ಪಿದ್ರೆ ಮತ್ತೆ ಮೊದ್ಲಿಂದ." ದನಿಯಲ್ಲಿ ದೂರಿರಲಿಲ್ಲ, ದಿನಚರಿ ಹೇಳುವಂತಿತ್ತು. "ಕೊನೇಲಿ ಏನಂತ ತೀರ್ಮಾನ ಮಾಡಿದ್ರಿ? ಈ ವಾರ ಬರೀತಿದಾರೆ, ತುಂಬ ಖುಷಿಯಾಗಿದಾರೆ. ನನಗಿನ್ನೂ ಕೊಟ್ಟಿಲ್ಲ. ಕೇಳಿದ್ದಕ್ಕೆ, ಈ ಸಲ ನೀನು ಕಲಿಯೋದೇನೂ ಇಲ್ಲ ಅಂದ್ರು."

*

ಹೊರಗೆ ಬಂದಾಗ ಕನ್ನಡಕದಣ್ಣ ಬೆಂಚಿನಿಂದ ಎದ್ದ. ಪುಟಗಳನ್ನು ಒಪ್ಪಿಸಿ ತೀರ್ಪಿಗೆ ಕಾಯುವವರ ಮುಖ ನನಗೆ ಚೆನ್ನಾಗಿ ಗೊತ್ತು, ನನ್ನದೇ ಮುಖ ಅದು.

"ಹೇಗಿದೆ?" ಎಂದ.

"ಡಾಕ್ಟರು ಹೇಳ್ತಾರೆ," ಎಂದೆ.

ಡ್ಯೂಟಿ ಡಾಕ್ಟರ್ ನನಗಿಂತ ಹತ್ತು ವರ್ಷ ಚಿಕ್ಕವರು, ಸತತ ಮೂರನೆಯ ಪಾಳಿಯ ಕೊನೆಯಲ್ಲಿದ್ದರು. ಚಿತ್ರವನ್ನು ಪರದೆಗೆ ತಂದು ಗಂಟಿನ ಮೇಲೆ ಬೆರಳಿಟ್ಟೆ. ಅವರು ಕಣ್ಣು ಕಿರಿದು ಮಾಡಿದರು. "ಇದ್ಯಾವಾಗಿಂದು?" ಎಂದು ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆಸಿ ಕೇಳಿದರು.

"ಅದು ಮೊದಲನೇ ಸಲ ಬಿದ್ದಾಗ ಡಾಕ್ಟ್ರೇ," ಎಂದ ಅವನು. "ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯ ಅಂಚಿಗೆ ಕೈ ಬಡೀತು. ಬೇರೆ ಕಡೆ ತೋರಿಸಿದ್ವಿ. ಈಗ ಒಂದು ವಾರದಿಂದ ತಲೆಸುತ್ತು. ಹೋದ ವಾರ ತಾನೆ ಡಾಕ್ಟರ ಹತ್ರ ಹೋಗಿದ್ವಿ, ಚೀಟಿ ಇದೆ." ಜೇಬಿನಿಂದ ತೆಗೆದು ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟ.

ಡಾಕ್ಟರ್ ಚೀಟಿ ನೋಡಿದರು. "ಕಂಬಿಗೆ ಬಡಿದ್ರೆ ಆಗತ್ತೆ," ಎಂದು ಪೆನ್ನು ಎತ್ತಿಕೊಂಡರು.

"ಡಾಕ್ಟ್ರೇ," ಎಂದೆ, "ಆ ಕಂಬಿ ನಂದು."

ಅವರಿಗೆ ಅರ್ಥವಾಗಲಿಲ್ಲ. ನನಗೂ ಹೇಳಲು ಬರಲಿಲ್ಲ. ಶನಿವಾರ, ಮೇಷ್ಟ್ರು, ಹೆಸರಿಲ್ಲದ ಪುಟ, ಟೈಲರಕ್ಕ ಹೇಳಿದ ತಲೆಸುತ್ತು, ನಾನು ಮೂಳೆ ತೋರಿಸಿದ್ದು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ. ಒಂದು ಕಡೆ ಎರಡನೆಯ ವಾರವನ್ನು ಮೊದಲನೆಯದೆಂದು ಹೇಳಿ ಮತ್ತೆ ತಿದ್ದಿಕೊಂಡೆ. ಮಾತಾಡುತ್ತಿರುವಾಗಲೇ ನನಗೆ ಕಾಣುತ್ತಿತ್ತು: ಅವನು ಹೇಳಿದ್ದು ಐದು ಜನ ಕೂತು ಮೂರು ವಾರ ತಿದ್ದಿದ ಕಥೆ, ನಾನು ಹೇಳುತ್ತಿದ್ದದ್ದು ಮೊದಲನೆಯ ಕರಡು.

ಅವನು ನನ್ನ ಮಾತು ಮುಗಿಯುವವರೆಗೂ ತಾಳ್ಮೆಯಿಂದ ಕೇಳಿದ. ಗುಂಪಿನಲ್ಲೂ ಅವನು ಯಾರ ಮಾತಿನ ನಡುವೆಯೂ ಬಾಯಿ ಹಾಕಿದವನಲ್ಲ.

"ಇವರು ನನ್ನ ಸ್ನೇಹಿತರು," ಎಂದ. "ನಾವಿಬ್ಬರೂ ಸ್ವಲ್ಪ ಬರೀತೀವಿ. ನಾನು ಮನೆಯಲ್ಲಿ ಆಗಿದ್ದನ್ನೇ ಇಟ್ಕೊಂಡು ಒಂದು ಕಥೆ ಮಾಡಿದ್ದೆ, ಅದನ್ನ ಮನಸ್ಸಿಗೆ ಹಚ್ಕೊಂಡಿದಾರೆ. ತುಂಬ ಸೂಕ್ಷ್ಮ ಸ್ವಭಾವ."

ಡಾಕ್ಟರ್ ನನ್ನನ್ನು ನೋಡಿದರು, ಅವನನ್ನು ನೋಡಿದರು. ಯಾರನ್ನು ನಂಬುವುದು ಸುಲಭವೆನ್ನುವುದರಲ್ಲಿ ಸಂಶಯವಿರಲಿಲ್ಲ. ಆಮೇಲೆ ಆಕೆಯ ಕಡೆ ತಿರುಗಿದರು. "ನೀವು ಹೇಳಿ, ಅಮ್ಮ. ಏನಾಯ್ತು?"

ಆಕೆ ಗಂಡನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

"ಬೆಳಿಗ್ಗೆ ಮೆಟ್ಟಿಲು ಒರೆಸಿದ್ದೆ," ಎಂದು ಶುರುಮಾಡಿದರು.

"ಒದ್ದೆ ಇನ್ನೂ ಆರಿರಲಿಲ್ಲ," ಎಂದೆ ನಾನು.

ಆಕೆ ನಿಲ್ಲಿಸಲಿಲ್ಲ. ನಿಲ್ಲಿಸಲು ಬರುತ್ತಿರಲಿಲ್ಲವೇನೋ. ನಡುವೆ ನಿಂತರೆ ಮತ್ತೆ ಮೊದಲಿನಿಂದ ಹೇಳಬೇಕಾದವರು. "ಒಂದು ವಾರದಿಂದ ತಲೆಸುತ್ತು," ಎಂದರು, ಅಷ್ಟರಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಮೂರನೆಯ ಮೆಟ್ಟಿಲು, ಕಣ್ಣಿಗೆ ಕತ್ತಲೆ. ಶಾಲೆಯಲ್ಲಿ ಮಗ್ಗಿ ಹೇಳುವ ಇಬ್ಬರು ಮಕ್ಕಳ ಹಾಗೆ ನಮ್ಮ ದನಿಗಳು ಒಂದರ ಮೇಲೊಂದು ಬಿದ್ದವು. ಕೈ ಚಾಚಿದೆ, ಎಂದೆವು. ಆಮೇಲೆ ನೆಲ, ಎಂದೆವು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನೀವು ಹೊರಗೆ ಕೂತ್ಕೊಳ್ಳಿ," ಎಂದು ಅವನಿಗೆ ಹೇಳಿದರು.

"ಡಾಕ್ಟ್ರೇ, ಇದು ಬರೀ..."

"ಹೊರಗೆ ಕೂತ್ಕೊಳ್ಳಿ."

ಅವನು ಎದ್ದ. ಬಾಗಿಲ ಬಳಿ ನನ್ನ ಪಕ್ಕ ಒಂದು ಗಳಿಗೆ ನಿಂತ. ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ನೊಂದವನಂತಿದ್ದ. "ನೀವು ಹೀಗೆ ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ, ಸಾರ್," ಎಂದ. "ಬೇರೆ ಯಾರಾದ್ರೂ ಆಗಿದ್ರೆ ಸರಿ."

ಡಾಕ್ಟರ್ ಫೋನಿನಲ್ಲಿ ಇಬ್ಬರ ಜೊತೆ ಮಾತಾಡಿದರು. ಕಾವಲಿನವನನ್ನು ಬಾಗಿಲಿಗೆ ಕಳಿಸಲು ಹೇಳಿದರು. ಪೊಲೀಸರು ಬರಲು ಮುಕ್ಕಾಲು ಗಂಟೆಯಾದರೂ ಬೇಕೆಂದು ಆ ಕಡೆಯಿಂದ ಉತ್ತರ ಬಂದಿರಬೇಕು, "ಅಷ್ಟು ಹೊತ್ತಾ?" ಎಂದರು. ಆಮೇಲೆ ಆಕೆಯ ಎದುರು ಕೂತರು. ನಾನು ಹೊರಡಲು ತಿರುಗಿದಾಗ ಆಕೆ ಬೇಡವೆಂದು ತಲೆಯಲ್ಲಾಡಿಸಿದ್ದರಿಂದ ಮೂಲೆಯಲ್ಲೇ ನಿಂತೆ.

ಆಮೇಲೆ ಆಕೆ ಮಾತಾಡಿದರು. "ಅವರಿಗೆ ಸಿಟ್ಟು ಬರಲ್ಲ," ಎಂದರು. "ಬಾಗಿಲು ಮುಚ್ಚಿ, ಕನ್ನಡಕ ತೆಗೆದು ಒರೆಸಿ ಇಡ್ತಾರೆ. ಅದು ಇವತ್ತಲ್ಲ. ಇವತ್ತೂ ಇಟ್ರು. ನನ್ನ ಕೈಯನ್ನ ಹಿಡಿದು ಮೆಟ್ಟಿಲ ಮೇಲೆ... ಹೀಗಾ, ಹೀಗಾ ಅಂತ ನೋಡ್ತಿದ್ರು, ಪುಸ್ತಕ ನೋಡ್ಕೊಂಡು. ಇಲ್ಲಿ ಅಂದ್ರು. ಮೊದಲನೇ ಸಲ ಕಿಟಕಿ ಒರೆಸೋ ಕೋಲು. ಅದಕ್ಕೂ ಮುಂಚೆ ಒಂದಿದೆ, ಅದು ಬರೆದಿಲ್ಲ." ಮಾತು ಮುರಿಯುತ್ತಿತ್ತು. ಹೋದ ವರ್ಷದ್ದು ಇವತ್ತಿನದರ ನಡುವೆ ನುಗ್ಗುತ್ತಿತ್ತು, ಒಂದೇ ಸಂಗತಿ ಎರಡು ಸಲ ಬರುತ್ತಿತ್ತು. ಶನಿವಾರದ ಮೇಜಿನ ಮೇಲೆ ಇದರ ಒಂದು ಸಾಲೂ ಉಳಿಯುತ್ತಿರಲಿಲ್ಲ. ಡಾಕ್ಟರ್ ಯಾವುದನ್ನೂ ಸರಿಮಾಡದೆ ಬಂದಂತೆಯೇ ಬರೆದುಕೊಳ್ಳುತ್ತಿದ್ದರು.

ಮಂಜುಗಾಜಿನ ಆಚೆ ಅವನ ಆಕಾರ ಬೆಂಚಿನ ಮೇಲೆ ನೆಟ್ಟಗೆ ಕೂತಿತ್ತು.

"ಇನ್ನೆಷ್ಟು ಹೊತ್ತಾಗಬಹುದು?" ಎಂದು ಅವನು ಕಾವಲಿನವನನ್ನು ಕೇಳಿದ್ದು ಒಳಗೂ ಕೇಳಿತು. ಮರ್ಯಾದೆಯ, ಮೆಲ್ಲನೆಯ ದನಿ. ಆಕೆ ಅರ್ಧ ಮಾತಿಗೇ ನಿಂತರು. ಡಾಕ್ಟರ್ ಕಾದರು. ಆಕೆ ಮತ್ತೆ ಶುರುಮಾಡಿದರು, ಬಿಟ್ಟ ಕಡೆಯಿಂದಲ್ಲ, ಬೇರೆಲ್ಲಿಂದಲೋ.

ಐದು ನಿಮಿಷದ ಮೇಲೆ ಅವನು ಮತ್ತೆ ಕೇಳಿದ. ಆಕೆ ಮತ್ತೆ ನಿಂತರು. ಡಾಕ್ಟರ್ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

ಇನ್ನೊಂದು ಸಲ ಅವನ ದನಿ ಕೇಳಿದಾಗ ಆಕೆ ಹೇಳುವುದನ್ನು ನಿಲ್ಲಿಸಲಿಲ್ಲ. ದನಿ ಮಾತ್ರ ಎಷ್ಟು ತಗ್ಗಿತೆಂದರೆ, ಡಾಕ್ಟರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಆಕೆಯ ಬಾಯಿಯ ಹತ್ತಿರಕ್ಕೆ ಬಾಗಬೇಕಾಯಿತು.